ಸಂಬಳ ನಿಂತರೆ ಎಷ್ಟು ತಿಂಗಳು? ನಮ್ಮ ಮನೆಯ ಉಳಿತಾಯದ ಅನುಭವ

ನಮ್ಮ ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡುತ್ತಾರೆ ಅನ್ನುವ ಸುದ್ದಿ ಹಬ್ಬಿದಾಗ, ಯಾರನ್ನು, ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಹೋಯಿತು ಅಂದರೆ ಮುಂದಿನ ದಾರಿ ನೋಡಬಹುದು. ಹೋದರೂ ಹೋಗಬಹುದು ಅಂದರೆ ಮಾತ್ರ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಸಂಬಳ ತಪ್ಪದೆ ಬರುತ್ತಿತ್ತು. ಆದರೂ ಮನೆಯಲ್ಲಿ ಸಣ್ಣ ಖರ್ಚಿಗೂ ಮಾತು ಬೆಳೆಯುತ್ತಿತ್ತು.

ನಮ್ಮವರು ಒಂದು ದಿನ ಹೇಳಿದರು, "ಸುಮ್ನೆ ಹೆದರಿಕೊಂಡು ಕೂತರೆ ಆಗಲ್ಲ. ಇವತ್ತೇ ಸಂಬಳ ನಿಂತರೆ ಎಷ್ಟು ತಿಂಗಳು ತಳ್ಳಬಹುದು, ಮೊದಲು ಅದನ್ನು ನೋಡೋಣ."

ಲೆಕ್ಕ ಸುಲಭ. ತಕ್ಷಣ ಕೈಗೆ ಸಿಗುವ ಹಣವನ್ನು ತಿಂಗಳ ಅಗತ್ಯ ಖರ್ಚಿನಿಂದ ಭಾಗಿಸಬೇಕು. ಆದರೆ ಯಾವುದನ್ನು ಲೆಕ್ಕಕ್ಕೆ ಸೇರಿಸಬೇಕು ಅನ್ನುವುದರಲ್ಲಿ ಕಟ್ಟುನಿಟ್ಟಾಗಿರಬೇಕು. ನಿವೃತ್ತಿಗೆಂದು ಕಟ್ಟಿದ ಹಣ, ಬೇರೆಯವರಿಗೆ ಕೊಟ್ಟ ಕೈಸಾಲ, ಆಫೀಸಿನವರು ಹೋಗುವಾಗ ಕೊಡಬಹುದಾದ ಹಣ, ಇವು ಯಾವುದನ್ನೂ ನಾವು ಸೇರಿಸಲಿಲ್ಲ. ಖರ್ಚಿನ ಕಡೆಗೆ ಮಾತ್ರ ಎಲ್ಲವೂ ಬರಬೇಕು. ವಿಮೆಯ ಕಂತು, ಶಾಲೆಯ ಫೀಸು, ವಾಹನದ ರಿಪೇರಿ ವರ್ಷಕ್ಕೊಮ್ಮೆ ಬರುತ್ತವೆ ಅಂತ ಮರೆತೇಬಿಡುತ್ತೇವೆ. ಅವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ ಪ್ರತಿ ತಿಂಗಳಿಗೆ ಹಾಕಿದೆವು. ಬಂದ ಉತ್ತರ ಚಿಕ್ಕದಾಗಿತ್ತು. ಆದರೂ ಅದು ಒಂದು ಸಂಖ್ಯೆ. ಭಯಕ್ಕೆ ಅಳತೆ ಇಲ್ಲ, ಸಂಖ್ಯೆಯನ್ನು ಬೆಳೆಸಬಹುದು. ನನಗೆ ಧೈರ್ಯ ಬಂದದ್ದು ಅಲ್ಲಿಂದ.

ಮಿತವ್ಯಯದ ಬಗ್ಗೆ ನನ್ನ ಯೋಚನೆಯನ್ನೇ ಬದಲಾಯಿಸಿದ ಒಂದು ಲೆಕ್ಕವಿದೆ, ಅದನ್ನು ನಿಧಾನವಾಗಿ ಹೇಳುತ್ತೇನೆ. ಆದಾಯ 100 ಅಂದುಕೊಳ್ಳಿ. ಖರ್ಚು 90, ಉಳಿಯುವುದು 10. ಒಂದು ತಿಂಗಳ ಖರ್ಚಿನಷ್ಟು ಕೂಡಿಡಲು 9 ತಿಂಗಳು ಬೇಕು. ಖರ್ಚನ್ನು 75ಕ್ಕೆ ಇಳಿಸಿದರೆ ಉಳಿಯುವುದು 25. ಈಗ ಒಂದು ತಿಂಗಳ ಖರ್ಚು ಕೂಡಲು 3 ತಿಂಗಳು ಸಾಕು. ಖರ್ಚು ಇಳಿದದ್ದು ಆರನೇ ಒಂದು ಭಾಗ, ವೇಗ ಮಾತ್ರ ಮೂರು ಪಟ್ಟು! ಯಾಕೆಂದರೆ ಇಳಿಸಿದ ಖರ್ಚು ಎರಡು ಕಡೆ ಕೆಲಸ ಮಾಡುತ್ತದೆ. ಉಳಿತಾಯವೂ ಹೆಚ್ಚುತ್ತದೆ, ಕಷ್ಟಕಾಲಕ್ಕೆ ಬೇಕಾದ ಹಣವೂ ಕಡಿಮೆಯಾಗುತ್ತದೆ. ಆರು ತಿಂಗಳ ಖರ್ಚು ಕೂಡಿಡಬೇಕು ಅಂದರೆ ಖರ್ಚು 90 ಇದ್ದರೆ ನಾಲ್ಕೂವರೆ ವರ್ಷ ಬೇಕು, 75 ಇದ್ದರೆ ಒಂದೂವರೆ ವರ್ಷ. ಸಂಬಳ ಜಾಸ್ತಿ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿರಲಿಲ್ಲ. ಖರ್ಚು ಇಳಿಸುವುದು ಇತ್ತು.

ಆದ್ದರಿಂದ ನಾವು ದೊಡ್ಡ ಖರ್ಚುಗಳಿಂದಲೇ ಶುರು ಮಾಡಿದೆವು. ಬಾಡಿಗೆ, ವಾಹನ, ಸಾಲದ ಕಂತು. ಇವುಗಳಲ್ಲಿ ಒಂದು ಇಳಿದರೂ ಪ್ರತಿ ತಿಂಗಳು ತಾನಾಗಿಯೇ ಉಳಿಯುತ್ತದೆ, ದಿನಾ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗಿಲ್ಲ. ಎರಡು ವಾಹನ ಇದ್ದ ಕಡೆ ಒಂದನ್ನು ಮಾರಿದೆವು. ಅದರ ವಿಮೆ, ಇಂಧನ, ಸರ್ವಿಸ್ ಎಲ್ಲವೂ ಒಟ್ಟಿಗೆ ಹೋದವು. ಆಮೇಲೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು, ಖಾತೆಯಿಂದ ತಾನೇ ಕಡಿತವಾಗುವ ಹಣವನ್ನೆಲ್ಲ ಒಂದೊಂದಾಗಿ ನೋಡಿದೆವು. ನೋಡದೇ ಇದ್ದ ಚಾನೆಲ್, ಬಳಸದ ಆ್ಯಪ್, ಎಲ್ಲವನ್ನೂ ನಿಲ್ಲಿಸಿದೆವು. ಸಣ್ಣಪುಟ್ಟದ್ದಕ್ಕೆ ಬಂದದ್ದು ಕೊನೆಯಲ್ಲಿ.

ಕ್ರೆಡಿಟ್ ಕಾರ್ಡ್ ಬಾಕಿಯನ್ನು ಮಾತ್ರ ಎಲ್ಲಕ್ಕಿಂತ ಮೊದಲು ತೀರಿಸಿದೆವು. ಬಡ್ಡಿ ತಿಂಗಳಿಗೆ ಶೇಕಡಾ 3 ಅಂದರೆ ಕಡಿಮೆ ಅನ್ನಿಸುತ್ತದೆ. ಕಟ್ಟದೆ ಬಿಟ್ಟರೆ ಚಕ್ರಬಡ್ಡಿಯಲ್ಲಿ ಅದು ಸುಮಾರು 24 ತಿಂಗಳಿಗೆ ಎರಡರಷ್ಟಾಗುತ್ತದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಎಷ್ಟು ಕಾಲದಲ್ಲಿ ಇಮ್ಮಡಿ ಅಂತ ಸಿಗುತ್ತದೆ, ಈ ಉಪಾಯ ಎಲ್ಲರಿಗೂ ಗೊತ್ತಿರಬೇಕು. ಮನೆ ಸಾಲದ ವಿಷಯದಲ್ಲಿ ನಾನು ಬೇರೆ ಥರ ಯೋಚಿಸಿದೆ. ಕೈಯಲ್ಲಿದ್ದ ಹಣವನ್ನೆಲ್ಲ ಅದಕ್ಕೆ ಕಟ್ಟಿ ಹಗುರಾಗೋಣ ಅಂತ ನಮ್ಮವರು ಅಂದರು. ನಾನು ಒಪ್ಪಲಿಲ್ಲ. ಕಟ್ಟಿದ ಹಣವನ್ನು ಬ್ಯಾಂಕ್ ಸುಮ್ಮನೆ ವಾಪಸ್ ಕೊಡುವುದಿಲ್ಲ, ಮುಂದಿನ ತಿಂಗಳ ಕಂತು ಕೇಳುವುದನ್ನೂ ಬಿಡುವುದಿಲ್ಲ. ಕೆಲಸಕ್ಕೆ ಭರವಸೆ ಇಲ್ಲದ ಕಾಲದಲ್ಲಿ ಕೈಯಲ್ಲಿರುವ ಹಣಕ್ಕೆ ಬೆಲೆ ಜಾಸ್ತಿ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಆಫೀಸಿನ ಮೂಲಕ ಬರುವ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ. ಸಂಬಳ ನಿಂತ ತಿಂಗಳಲ್ಲೇ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಉಳಿತಾಯ ಪೂರ್ತಿ ಕರಗುತ್ತದೆ. ಹಾಗಾಗಿ ಕೆಲಸ ಇರುವಾಗಲೇ ಮನೆಯವರೆಲ್ಲರಿಗೂ ಸ್ವಂತ ವಿಮೆ ಮಾಡಿಸಿದೆ. ಉಳಿತಾಯದ ನಡುವೆ ನಾವು ಹೊಸದಾಗಿ ಹಚ್ಚಿಕೊಂಡ ಖರ್ಚು ಇದೊಂದೇ.

ಹಣದ ಚಿಂತೆ ತಲೆಯನ್ನೂ ಮಂದ ಮಾಡುತ್ತದೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈ ಬಿಗಿಯಾಗಿದ್ದಾಗ, ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಕಟಾವಾಗಿ ಕೈಗೆ ಹಣ ಬಂದ ಮೇಲೆ ಅದೇ ರೈತರಿಗೆ ಮತ್ತೆ ಕೊಟ್ಟರು. ಹಣವಿಲ್ಲದಾಗ ಪರೀಕ್ಷೆಯಲ್ಲಿ ಅವರು ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಜನ ಅವರೇ, ಬುದ್ಧಿಯೂ ಅದೇ. ಇದನ್ನು ಓದಿದ ಮೇಲೆ, ಚಿಂತೆಯಲ್ಲಿ ಕುಳಿತು ದಿನಾ ತೀರ್ಮಾನ ಮಾಡುವುದನ್ನೇ ನಾವು ಕಡಿಮೆ ಮಾಡಿದೆವು. ಸಂಬಳ ಬಂದ ದಿನವೇ ಉಳಿತಾಯದ ಹಣ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಮಾಡಿದೆವು. ಉಳಿದದ್ದರಲ್ಲಿ ತಿಂಗಳು ನಡೆಯಬೇಕು. ಏನಾದರೂ ಕೊಳ್ಳಬೇಕು ಅನ್ನಿಸಿದರೆ ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆದು ಒಂದು ತಿಂಗಳು ಬಿಡುವುದು. ತಿಂಗಳ ಮೇಲೂ ಬೇಕು ಅನ್ನಿಸಿದ್ದನ್ನು ಕೊಂಡುಕೊಂಡಿದ್ದೇವೆ, ಸಂತೋಷದಿಂದಲೇ.

ಔಷಧಿ, ಮಕ್ಕಳ ಓದು, ಇಂಟರ್ನೆಟ್, ಇವುಗಳ ಮೇಲೆ ಕೈ ಹಾಕಲಿಲ್ಲ. ಇಂಟರ್ನೆಟ್ ಇಲ್ಲದೆ ಬೇರೆ ಕೆಲಸ ಹುಡುಕುವುದಾದರೂ ಹೇಗೆ? ಮನೆಯ ಪ್ರತಿಯೊಬ್ಬರಿಗೂ ಲೆಕ್ಕ ಕೇಳದ ಒಂದಿಷ್ಟು ಹಣವನ್ನೂ ಇಟ್ಟೆವು. ಯಾರೊಬ್ಬರ ಮೇಲೂ ಭಾರ ಬಿದ್ದ ಹಾಗೆ ಅನ್ನಿಸಬಾರದು ಅಲ್ವಾ? ಮಕ್ಕಳಿಂದ ವಿಷಯ ಮುಚ್ಚಿಡಲಿಲ್ಲ. "ಅಮ್ಮನ ಕೆಲಸ ಈಗ ಇದೆ, ಮುಂದೆ ಬದಲಾಗಬಹುದು. ಅದಕ್ಕೆ ಸ್ವಲ್ಪ ಹಣ ಕೂಡಿಡುತ್ತಿದ್ದೇವೆ" ಅಂದೆ. ದೊಡ್ಡವಳು ಕೇಳಿದ್ದು ಒಂದೇ, "ಶಾಲೆ ಬಿಡಬೇಕಾ ಅಮ್ಮಾ?" ಬೇಡ ಅಂತ ನಾನು ಖಚಿತವಾಗಿ ಹೇಳಬಲ್ಲವಳಾಗಿದ್ದೆ. ಅದಕ್ಕೆ ಕಾರಣ ಆ ಲೆಕ್ಕವೇ.

ನಮ್ಮ ವಿಭಾಗದಲ್ಲಿ ಕೆಲವರು ಹೋದರು, ನಾನು ಸದ್ಯಕ್ಕೆ ಉಳಿದಿದ್ದೇನೆ. ಮುಂದಿನ ವರ್ಷದ ಮಾತು ಈಗಲೂ ಯಾರೂ ಕೊಡುವುದಿಲ್ಲ. ಪ್ರತಿ ತಿಂಗಳು ಸಂಬಳ ಬಂದ ಮೇಲೆ ಇಬ್ಬರೂ ಕುಳಿತು ತಿಂಗಳ ಲೆಕ್ಕವನ್ನು ಹೊಸದಾಗಿ ಬರೆಯುತ್ತೇವೆ. ಉಳಿತಾಯ ಆರು ತಿಂಗಳ ಖರ್ಚನ್ನು ದಾಟಿದ ಮೇಲೆ ಉಳಿಯುವ ಹಣದಲ್ಲಿ ಒಂದು ಪಾಲನ್ನು ನನ್ನ ತರಬೇತಿಗೆ ಇಟ್ಟಿದ್ದೇವೆ. ಈಗ ಸಂಜೆ ಹೊತ್ತು ಡೇಟಾ ಕೆಲಸದ ಒಂದು ಕೋರ್ಸ್ ಕಲಿಯುತ್ತಿದ್ದೇನೆ.