ಕಾರ್ಡಿಲ್ಲದ ಪೈ: ಎಸ್‌ಎಸ್‌ಡಿಯಿಂದಲೇ ರೆಟ್ರೋ ಗೇಮ್

ನನ್ನ ರಾಸ್ಪ್‌ಬೆರಿ ಪೈ 4ರ (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡು) ಮೆಮೊರಿ ಕಾರ್ಡ್ ಸ್ಲಾಟು ಈಗ ಖಾಲಿ. ಸ್ವಿಚ್ ಹಾಕಿದರೆ 240 ಜಿಬಿಯ ಹಳೆ ಸಾಟಾ ಎಸ್‌ಎಸ್‌ಡಿಯಿಂದ (ತಿರುಗುವ ತಟ್ಟೆಯಿಲ್ಲದ ಡಿಸ್ಕು) ರೆಟ್ರೋಪೈ, ಅಂದರೆ ಹಳೆ ಗೇಮ್ ಆಡಿಸುವ ತಂತ್ರಾಂಶ, ಎದ್ದು ಅರ್ಧ ನಿಮಿಷದ ಆಸುಪಾಸಿನಲ್ಲಿ ಗೇಮ್ ಪಟ್ಟಿ ಟಿವಿಗೆ ಬರುತ್ತದೆ. ಮುಂಬಯಿಯ ಮಳೆಗಾಲ ಪೂರ್ತಿ, ಕರೆಂಟು ಹೋಗಿಬಂದರೂ, ಹೀಗೇ ಓಡಿದೆ. "ಪೈ ಡಿಸ್ಕ್ ಎಳೆಯಲ್ಲ, ಕಾರ್ಡೇ ಹಾಕು" ಎಂದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಹಿಡಿದು ಡೊಂಬಿವಲಿಯ ಗೆಳೆಯರವರೆಗೆ ಎಲ್ಲರದೂ ಒಂದೇ ರಾಗ. ಎಳೆಯುತ್ತದೆ ಸ್ವಾಮಿ. ಕೈಕೊಡುವುದು ಪೈ ಅಲ್ಲ. ಚಾರ್ಜರು, ಕೇಬಲ್ಲು, ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೇಸಿಂಗ್ ಒಳಗಿನ ಚಿಪ್.

ಪವರ್ ವಿಷಯವೇ ಮೊದಲು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟು ಸೇರಿ ಕೊಡುವುದು 1.2 ಆಂಪಿಯರ್. ಸಾಟಾ ಎಸ್‌ಎಸ್‌ಡಿಗೆ ಅದು ಸಾಕು. ಆದರೆ ಬೋರ್ಡಿಗೇ ವೋಲ್ಟ್ ಸರಿಯಾಗಿ ಬರದಿದ್ದರೆ ಡಿಸ್ಕು ನಡುನಡುವೆ ಮಾಯವಾಗುತ್ತದೆ. "ನನ್ನ ಹತ್ರ 65 ವ್ಯಾಟಿನ ಫೋನ್ ಚಾರ್ಜರೇ ಇದೆ" ಎನ್ನುವವರು ಬಹಳ. ಆ ವ್ಯಾಟೆಲ್ಲ ಬರುವುದು ಫೋನು ಹೆಚ್ಚಿನ ವೋಲ್ಟ್ ಕೇಳಿದಾಗ. ಪೈ 4 ಹಾಗೆ ಕೇಳುವುದೇ ಇಲ್ಲ. ಅದಕ್ಕೆ ಸಿಗುವುದು 5 ವೋಲ್ಟಿನಲ್ಲಿ 2 ಅಥವಾ 3 ಆಂಪಿಯರ್. ಅದರ ಮೇಲೆ ಒಂದೂವರೆ ಮೀಟರಿನ ತೆಳು ಕೇಬಲ್ ಹಾಕಿದರೆ ದಾರಿಯಲ್ಲೇ ಒಂದಿಷ್ಟು ಸೋರಿಹೋಗುತ್ತದೆ. 4.63 ವೋಲ್ಟಿನ ಹತ್ತಿರ ಇಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು. ಪೈನದೇ ಅಡಾಪ್ಟರ್ 5.1 ವೋಲ್ಟ್ ಕೊಡುವುದು ಈ ನಷ್ಟಕ್ಕೆಂದೇ. ಎಂಟುನೂರು ರೂಪಾಯಿ ಚಿಲ್ಲರೆ ಬಿತ್ತು. ಇಡೀ ಕೆಲಸದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಮಿಂಚು ಕಾಣಲಿಲ್ಲವೆಂದು ನಂಬಬೇಡಿ. ಟರ್ಮಿನಲ್‌ನಲ್ಲಿ ಥ್ರಾಟಲ್ ಸ್ಥಿತಿ (ಕರೆಂಟು ಸಾಲದೆ ಪೈ ವೇಗ ಇಳಿಸಿಕೊಂಡಿದೆಯೇ ಎಂಬುದು) ಕೇಳಿ ನೋಡಿ. ಬರೀ ಸೊನ್ನೆ ಬಂದರೆ ಸರಿ. 50000 ಬಂದರೆ ಆನ್ ಮಾಡಿದ ಮೇಲೆ ಯಾವಾಗಲೋ ಕುಸಿದಿದೆ, 50005 ಬಂದರೆ ಈಗಲೂ ಕುಸಿದೇ ಇದೆ.

ಇನ್ನು ಕೇಸಿಂಗ್. ದುಡ್ಡು ಹಾಳಾದದ್ದು ಇಲ್ಲೇ. ಇನ್ನೂರೈವತ್ತರ ಹೆಸರಿಲ್ಲದ ಮಾಲು ಲ್ಯಾಪ್‌ಟಾಪಿಗೆ ಹಾಕಿದರೆ ಚೆನ್ನ, ಪೈಗೆ ಹಾಕಿದರೆ ಶುರುವಿಗೆ ಪರದೆಯಲ್ಲಿ ಕಾಣುವ ಕಾಮನಬಿಲ್ಲಿನ ಚೌಕ ದಾಟಿ ಮುಂದೆ ಹೋಗದು. ನಾನೂರರದ್ದು ಬೂಟ್ ಆಗುತ್ತದೆ, ಆದರೆ ಆಟ ರಂಗೇರಿದ ಹೊತ್ತಿಗೆ ಚಿತ್ರ ಸ್ತಬ್ಧ, ಲಾಗಿನ ತುಂಬ ಯುಎಸ್‌ಬಿ ರೀಸೆಟ್ ಸಾಲುಗಳು. ಕಾರಣ ಯುಎಎಸ್ ಎಂಬ ವೇಗದ ಡ್ರೈವರ್. ಕೆಲವು ಚಿಪ್‌ಗಳು ತಮಗೆ ಅದು ಬರುತ್ತದೆಂದು ಹೇಳಿಕೊಂಡು, ಲೋಡ್ ಬಿದ್ದಾಗ ಕೈಚೆಲ್ಲುತ್ತವೆ. ಯುಎಸ್‌ಬಿ ಪಟ್ಟಿಯಲ್ಲಿ ಕೇಸಿಂಗ್‌ನ ಐಡಿ ಸಿಗುತ್ತದೆ: ಕೋಲನ್‌ಗೆ ಮೊದಲ ನಾಲ್ಕು ಅಂಕಿ-ಅಕ್ಷರ ಕಂಪನಿಯದು, ನಂತರದ ನಾಲ್ಕು ಮಾದರಿಯದು. ಬೂಟ್ ವಿಭಾಗದ ಸಿಎಂಡಿಲೈನ್ ಫೈಲಿನಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್ ಎಂದು ಆ ಐಡಿ, ಆಮೇಲೆ ಇನ್ನೊಂದು ಕೋಲನ್ ಮತ್ತು 'ಯು' ಅಕ್ಷರ ಸೇರಿಸಿದರೆ ಹಳೆಯ ನಿಧಾನದ ಡ್ರೈವರ್‌ಗೆ ಇಳಿಯುತ್ತದೆ. ಆ ಫೈಲು ಒಂದೇ ಸಾಲಿನಲ್ಲಿರಬೇಕು, ನಡುವೆ ಎಂಟರ್ ಬಿದ್ದರೆ ಬೂಟ್ ಇಲ್ಲ. ಬೂಟ್ ವಿಭಾಗ ಫ್ಯಾಟ್32 ಆದ್ದರಿಂದ ವಿಂಡೋಸ್‌ನಲ್ಲೇ ತೆರೆದು ಮೊದಲೇ ತಿದ್ದಬಹುದು. ಇದರಿಂದ ನಾನೂರರ ಕೇಸಿಂಗ್ ಬದುಕಿತು. ವೇಗ ಮಾತ್ರ ಸೆಕೆಂಡಿಗೆ 300 ಎಂಬಿ ಮೇಲಿದ್ದದ್ದು 200 ಚಿಲ್ಲರೆಗೆ ಬಂತು. ಕೊನೆಗೆ ಒಂಬೈನೂರರ ಹತ್ತಿರ ಕೊಟ್ಟು ತಂದದ್ದು ಕ್ವರ್ಕ್ಸ್ ಇಲ್ಲದೆಯೇ ಓಡುತ್ತಿದೆ. ದುಡ್ಡು ಕೊಡುವ ಮುಂಚೆ ಐಡಿ ನೋಡಲು ಬಿಡುವ ಅಂಗಡಿ ಗ್ರ್ಯಾಂಟ್ ರೋಡ್ ಸ್ಟೇಷನ್ ಕಡೆ ಒಂದಿದೆ. ಯಾವುದೆಂದು ಹೇಳಿದರೆ ನಾಳೆಯಿಂದ ನನಗೇ ಮಾಲು ಸಿಗಲಿಕ್ಕಿಲ್ಲ.

ಎಲ್ಲಿಂದ ಬೂಟ್ ಆಗಬೇಕೆಂದು ತೀರ್ಮಾನಿಸುವ ಬೂಟ್‌ಲೋಡರ್ ಕೆಲಸ ಇದರ ಮುಂದೆ ಏನೂ ಅಲ್ಲ. ಕಾರ್ಡಿಗೆ ಬರೆದುಕೊಡುವ ಪೈ ಇಮೇಜರ್ ತಂತ್ರಾಂಶದಲ್ಲಿ ಯುಎಸ್‌ಬಿ ಬೂಟ್ ಆಯ್ಕೆಯನ್ನು ಯಾವುದಾದರೂ ಹಳೆ ಕಾರ್ಡಿಗೆ ಬರೆದು ಒಮ್ಮೆ ಹಾಕಿ. ಪರದೆ ಹಸಿರಾದರೆ ಮುಗಿಯಿತು, ಕಾರ್ಡ್ ತೆಗೆಯಿರಿ. ಕೈಯಲ್ಲೇ ತಿದ್ದುವವರು ಬೂಟ್ ಆರ್ಡರ್ ಅನ್ನು ಬಲದಿಂದ ಎಡಕ್ಕೆ ಓದಬೇಕು: 1 ಕಾರ್ಡು, 4 ಯುಎಸ್‌ಬಿ, ಎಫ್ ಅಂದರೆ ಮತ್ತೆ ಮೊದಲಿಂದ. ಎಫ್14 ಇಟ್ಟರೆ ಮೊದಲು ಡಿಸ್ಕು ನೋಡುತ್ತದೆ. ಎಸ್‌ಎಸ್‌ಡಿಗೆ ರೆಟ್ರೋಪೈ ಇಮೇಜ್ ನೇರ ಬರೆದು ನೀಲಿ ಪೋರ್ಟಿಗೆ ಸಿಕ್ಕಿಸಿ; ಕಪ್ಪು ಪೋರ್ಟು ಕಂಟ್ರೋಲರ್‌ಗಳಿಗೆ ಇರಲಿ.

ನೀಲಿ ಪೋರ್ಟಿನದೂ ಒಂದು ಕಿರಿಕಿರಿ ಇದೆ. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಬ್ಲೂಟೂತ್ ಕಂಟ್ರೋಲರ್ ಇರುವುದೂ ಅದೇ ತರಂಗಾಂತರದಲ್ಲಿ. ಬಿಲ್ಡಿಂಗಿನ ಎಲ್ಲ ಮನೆಯ ವೈಫೈ ಬೇರೆ ಅಲ್ಲೇ ಮುಗಿಬಿದ್ದಿರುತ್ತದೆ. ಜಂಪ್ ಒತ್ತಿದರೆ ಹೊಂಡಕ್ಕೆ ಬಿದ್ದ ಮೇಲೆ ಹಾರುತ್ತದೆ. ಪೈಯ ವೈಫೈ 5 ಗಿಗಾಹರ್ಟ್ಸ್‌ಗೆ ಹಾಕಿ, ಬ್ಲೂಟೂತ್ ಡಾಂಗಲನ್ನು ಯುಎಸ್‌ಬಿ 2ರ ಎಕ್ಸ್‌ಟೆನ್ಷನ್‌ನಲ್ಲಿ ಒಂದು ಮೊಳ ದೂರ ಇಟ್ಟರೆ ಹೋಯಿತು.

ನಡುವೆ 500 ಜಿಬಿಯ ತಿರುಗುವ ಲ್ಯಾಪ್‌ಟಾಪ್ ಡಿಸ್ಕನ್ನೂ ಹಾಕಿ ನೋಡಿದೆ, ಸೆಕೆಂಡ್‌ಹ್ಯಾಂಡ್, ಆರುನೂರಕ್ಕೆ. ತಿರುಗಲು ಶುರುವಾಗುವಾಗಲೇ ಒಂದು ಆಂಪಿಯರ್‌ವರೆಗೆ ಎಳೆಯುತ್ತದೆ, ಅಂದರೆ ಪೈ ಕೊಡುವುದರ ಬಹುಪಾಲು. ಪವರ್ ಇರುವ ಹಬ್ ಕೊಟ್ಟರೆ ಇನ್ನೊಂದು ತಂಟೆ: ಕೆಲವು ಹಬ್ಬುಗಳು ಪೈಗೇ ವಾಪಸ್ ಕರೆಂಟ್ ತಳ್ಳುತ್ತವೆ, ಪ್ಲಗ್ ಕಿತ್ತರೂ ಕೆಂಪು ದೀಪ ಆರುವುದಿಲ್ಲ, ಪೈ ಸರಿಯಾಗಿ ರೀಸ್ಟಾರ್ಟ್ ಆಗುವುದಿಲ್ಲ. ಕರೆಂಟು ಹೋದಾಗಿರಲಿ ಎಂದು ಪವರ್‌ಬ್ಯಾಂಕ್ ಮೂಲಕ ಕೊಟ್ಟರೆ, ಚಾರ್ಜರಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣ ಸಾಕು, ಪೈ ರೀಬೂಟ್. ಎನ್‌ವಿಎಂಇ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ಹಾಕುವವರಿಗೆ ಹೇಳುವುದಿಷ್ಟೇ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ: ಕರೆಂಟು ಹೆಚ್ಚು ತಿನ್ನುತ್ತದೆ, ವೇಗ ಪೈಯ ಯುಎಸ್‌ಬಿ ದಾಟಿ ಹೋಗದು.

ಲಾಭ ಎಲ್ಲಿ? ಹಳೆ ಕ್ಯಾಸೆಟ್ ಗೇಮ್‌ಗಳಲ್ಲಿ ಹುಡುಕಬೇಡಿ, ಕೆಲವು ನೂರು ಕೆಬಿಯ ಫೈಲಿಗೆ ಕಾರ್ಡೂ ಒಂದೇ ಎಸ್‌ಎಸ್‌ಡಿಯೂ ಒಂದೇ. ಪ್ಲೇಸ್ಟೇಷನ್, ಡ್ರೀಮ್‌ಕಾಸ್ಟ್, ಸಾವಿರಾರು ಬಾಕ್ಸ್ ಚಿತ್ರ-ವಿಡಿಯೋ ತುಂಬಿದ ಪಟ್ಟಿ, ಇಲ್ಲಿ ಕಣ್ಣಿಗೆ ಕಾಣುತ್ತದೆ. ನಿಮ್ಮದೇ ಗೇಮ್ ಸಿಡಿಯಿಂದ ತೆಗೆದ ಕ್ಯೂ-ಬಿನ್ ಫೈಲುಗಳನ್ನು ಸಿಎಚ್‌ಡಿ ಎಂಬ ಕುಗ್ಗಿಸಿದ ರೂಪಕ್ಕೆ ಬದಲಿಸಿಕೊಳ್ಳಿ. 650 ಎಂಬಿಯ ಗೇಮು ಎಷ್ಟೋ ಸಲ 400ಕ್ಕೆ ಇಳಿಯುತ್ತದೆ. ಗೇಮ್ ಪಟ್ಟಿ ತೋರಿಸುವ ಎಮ್ಯುಲೇಷನ್‌ಸ್ಟೇಷನ್‌ನಲ್ಲಿ ಗೇಮ್‌ಲಿಸ್ಟ್ ಮಾತ್ರ ಓದುವ ಆಯ್ಕೆ ಹಾಕಿದರೆ ಶುರುವಾಗುವುದು ಇನ್ನೂ ಚುರುಕು. ಆಮೇಲೆ ಹೊಸ ಗೇಮ್ ಹಾಕಿದಾಗ ಪಟ್ಟಿಯಲ್ಲಿ ಕಾಣಲು ನಾನೊಂದು ಪುಟ್ಟ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಮೆಟಾಡೇಟಾ ಉಳಿಸುವುದನ್ನು 'ಯಾವಾಗಲೂ' ಎಂದಿಡಿ. ಗೇಮ್ ಓಡಿಸುವ ರೆಟ್ರೋಆರ್ಚ್‌ನಲ್ಲಿ ಆಟದ ಪ್ರಗತಿ, ಅಂದರೆ ಸೇವ್‌ರ‍್ಯಾಮ್ ಹತ್ತು ಸೆಕೆಂಡಿಗೊಮ್ಮೆ ಬರೆಯುವಂತೆ ಮಾಡಿ. ಇಲ್ಲದಿದ್ದರೆ ಗೇಮ್‌ನಿಂದ ಹೊರಬಂದಾಗಲೇ ಅದು ಡಿಸ್ಕಿಗೆ ಇಳಿಯುವುದು, ಅಷ್ಟರಲ್ಲಿ ಕರೆಂಟು ಹೋದರೆ ಆಡಿದ್ದೆಲ್ಲ ನೀರಪಾಲು.

ಪೈ ಬಿಟ್ಟು ಒಟ್ಟು ಮೂರೂವರೆ ಸಾವಿರದ ಒಳಗೆ ಬಂತು, ಹಾಳಾದ ಕೇಸಿಂಗ್‌ಗಳನ್ನೂ ಸೇರಿಸಿ. ಪೈ 5 ಇರುವವರು ಒಂದು ನೆನಪಿಡಿ: 5 ಆಂಪಿಯರ್ ಅಡಾಪ್ಟರ್ ಇಲ್ಲದಿದ್ದರೆ ಅದು ಯುಎಸ್‌ಬಿಗೆ ಕೊಡುವುದು ಒಟ್ಟು 600 ಮಿಲಿಆಂಪಿಯರ್ ಅಷ್ಟೇ, ಪೈ 4ರ ಅರ್ಧ.