ಹಳೇ ಬಂದರು ನೋಡುವುದು ಹೇಗೆ? ಬೆಂಗ್ರೆ ದೋಣಿ ಹತ್ತಿ

ಮಂಗಳೂರಿನ ಬಂದರಿನಲ್ಲಿ ದಿನಸಿ ಮಂಡಿಯೊಂದರ ಲೆಕ್ಕ ಬರೆಯುವವನು ನಾನು. ಊರು ನೋಡಲು ಬಂದವರು ಆಗಾಗ ನಮ್ಮ ಅಂಗಡಿಗೇ ಬಂದು ದಾರಿ ಕೇಳುತ್ತಾರೆ. ರಸ್ತೆಯಲ್ಲಿ ನಿಂತರೆ ಕಾಣುವುದು ಲಾರಿಗಳ ಹಿಂಭಾಗ ಮಾತ್ರ. ಬಂದರನ್ನು ನೀರಿನ ಮೇಲಿಂದ ನೋಡಬೇಕು.

ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಬನ್ನಿ. ಜೂನ್, ಜುಲೈಯಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟುಗಳಿಗೆ ರಜೆ. ಸ್ಟೇಟ್‌ಬ್ಯಾಂಕ್ ಅನ್ನುವ ಬಸ್ ನಿಲ್ದಾಣದಲ್ಲಿ ಇಳಿದು ನಡೆದೇ ಬನ್ನಿ, ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮೊದಲು ಮೀನಿನ ಧಕ್ಕೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆ, ಅದೂ ಬೆಳಿಗ್ಗೆ ಬೇಗ. ಏಲಂ ನಡೆಯುವಾಗ ಬುಟ್ಟಿ ಹೊತ್ತವರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ. ಬೈಗುಳ ತುಳುವಿನಲ್ಲಿ ಬಂದರೂ ಅರ್ಥ ಚೆನ್ನಾಗಿಯೇ ಆಗುತ್ತದೆ.

ಆಮೇಲೆ ಬೆಂಗ್ರೆ ದೋಣಿ ಎಲ್ಲಿ ಅಂತ ಯಾರನ್ನಾದರೂ ಕೇಳಿ. ಬೆಂಗ್ರೆ ಅಂದರೆ ಹೊಳೆಯ ಆಚೆ ದಡದ ಊರು. ಚಿಲ್ಲರೆ ಇಟ್ಟುಕೊಳ್ಳಿ. ಇದು ಆ ಕಡೆಯವರ ದಿನದ ಓಡಾಟದ ದೋಣಿ. ಕೆಲಸಕ್ಕೆ ಹೊರಟವರು, ಶಾಲೆ ಮಕ್ಕಳು ಮೊದಲು ಹತ್ತಲಿ.

ಹೊಳೆಯ ನಡುವೆ ಬಂದಾಗ ಅಳಿವೆಯ, ಅಂದರೆ ಹೊಳೆಬಾಯಿಯ ಕಡೆ ತಿರುಗಿ. ನೇತ್ರಾವತಿಯೂ ಗುರುಪುರ ಹೊಳೆಯೂ ಅಲ್ಲೇ ಸಮುದ್ರ ಸೇರುವುದು. ಈ ಬಂದರಿನ ಭಾಗ್ಯ, ಕಷ್ಟ ಎರಡೂ ಆ ಬಾಗಿಲಲ್ಲೇ ಇವೆ. ಮಳೆ ಬಂದಾಗಲೆಲ್ಲ ಹೊಳೆಗಳು ಮಣ್ಣು ತರುತ್ತವೆ, ಅಳಿವೆಯಲ್ಲಿ ಮರಳು ತುಂಬುತ್ತದೆ. ದೊಡ್ಡ ಹಡಗು ಒಳಗೆ ಬರಲಾಗದೆ ಹೊರಗೇ ಲಂಗರು ಹಾಕುತ್ತಿತ್ತು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರಲ್ವಾ, ಮಂಗಳೂರು ಹೆಂಚು ದೂರದ ದೇಶಗಳಿಗೆ ಹೋದದ್ದು ಈ ದಾರಿಯಿಂದಲೇ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು, ದೊಡ್ಡ ಹಡಗುಗಳೆಲ್ಲ ಅತ್ತ ಹೋದವು.

ಹಾಗಂತ ಹಳೇ ಬಂದರು ಸತ್ತಿತು ಅನ್ನುವುದು ಸುಮ್ನೆ ಮಾತು. ಧಕ್ಕೆಯ ಉತ್ತರಕ್ಕೆ ಕಣ್ಣು ಹಾಯಿಸಿ, ಮಂಜಿ ಅನ್ನುವ ಮರದ ಸರಕು ಹಡಗುಗಳನ್ನು ಅಲ್ಲಿ ಕಟ್ಟಿರುತ್ತಾರೆ. ಲಕ್ಷದ್ವೀಪದ ಮನೆ ಕಟ್ಟುವ ಜಲ್ಲಿ, ಸಿಮೆಂಟು, ಅಡುಗೆಮನೆಯ ಅಕ್ಕಿ, ತರಕಾರಿ ಇವುಗಳಲ್ಲೇ ಹೋಗುತ್ತದೆ. ಮಳೆಗಾಲ ಬಂತೆಂದರೆ ಅವು ಹೊರಡುವುದಿಲ್ಲ. ಆದ್ದರಿಂದ ಮೇ ಹತ್ತಿರ ಬಂದಂತೆ ಲೋಡಿಂಗ್ ಗಡಿಬಿಡಿ ಜಾಸ್ತಿ. ನೋಡಬೇಕಾದ್ದು ಆ ಗಡಿಬಿಡಿಯನ್ನೇ, ಆದರೆ ಸರಕು ಹೊತ್ತವರು ಹತ್ತಿಳಿಯುವ ಹಲಗೆಯಿಂದ ದೂರ ನಿಂತು.

ಬೆಂಗ್ರೆಯಲ್ಲಿ ಇಳಿದ ಮೇಲೆ ಹೋದ ದಾರಿಯಲ್ಲೇ ವಾಪಸ್ ಬರಬೇಡಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಮರಳಪಟ್ಟಿ ಅದು. ಅದರ ಮೇಲೆಯೇ ಉತ್ತರಕ್ಕೆ ಹೋದರೆ ತಣ್ಣೀರುಬಾವಿ. ಬಿಸಿಲಿದ್ದರೆ ರಿಕ್ಷಾ ಹಿಡಿಯಿರಿ. ಅಲ್ಲಿಂದ ಇನ್ನೊಂದು ದೋಣಿ ನಿಮ್ಮನ್ನು ಸುಲ್ತಾನ್ ಬತ್ತೇರಿಗೆ ದಾಟಿಸುತ್ತದೆ. ಶತ್ರುಗಳ ಹಡಗು ಗುರುಪುರ ಹೊಳೆಗೆ ನುಗ್ಗದಿರಲಿ ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ ದಡದಲ್ಲೇ ಇದೆ. ಮೇಲೆ ಹತ್ತಿದರೆ ನೀವು ಬಂದ ಹೊಳೆ ಪೂರಾ ಕಾಣುತ್ತದೆ. ಸಂಜೆ ಹೊರಟರೆ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಕೊಳ್ಳಿ.