ಹಸಿರು ಪಟ್ಟಿಯಲ್ಲಿ ಮುಳುಗಿದ ಫೋಲ್ಡರ್‌ಗಳು

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಮೂಲಕ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದೆ. ಟರ್ಮಿನಲ್‌ನಲ್ಲಿ ಸಿ ಡ್ರೈವ್‌ಗೆ ಹೋಗಿ, ಒಳಗಿರುವುದನ್ನೆಲ್ಲ ಪಟ್ಟಿ ಮಾಡುವ ಎಲ್‌ಎಸ್ ಆಜ್ಞೆ ಹೊಡೆದರೆ ಕಣ್ಣಿಗೆ ರಾಚುವ ಹಸಿರು ಪಟ್ಟಿಗಳು, ಅವುಗಳ ಮೇಲೆ ನೀಲಿ ಅಕ್ಷರ. ಒಂದು ಹೆಸರೂ ಓದಲಾಗದು. ಎರಡು ವಾರ ಹಾಗೇ ಕಣ್ಣು ಕಿರಿದು ಮಾಡಿಕೊಂಡು ದೂಡಿದೆ.

ಥೀಮ್ ಬದಲಿಸಿ ನೋಡಿದೆ. ಹಸಿರಿನ ಛಾಯೆ ಬದಲಾಯಿತು ಅಷ್ಟೇ. ಆಮೇಲೆ ತಿಳಿಯಿತು, ಆ ಹಸಿರು ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ. ಯಾರು ಬೇಕಾದರೂ ಒಳಗೆ ಬರೆಯಬಹುದಾದ ಫೋಲ್ಡರ್‌ಗೆ ಎಲ್‌ಎಸ್ ಕೊಡುವ ಗುರುತು ಅದು. ವಿಂಡೋಸ್ ಡ್ರೈವ್‌ನ ಫೋಲ್ಡರ್‌ಗಳೆಲ್ಲ ನನ್ನ ಉಬುಂಟುವಿಗೆ 777 ಅನುಮತಿಯಲ್ಲೇ, ಅಂದರೆ ಎಲ್ಲರಿಗೂ ಎಲ್ಲ ಹಕ್ಕೂ ಇರುವಂತೆ, ಕಾಣುತ್ತಿದ್ದವು. ಹಾಗಾಗಿ ಎಲ್ಲಕ್ಕೂ ಹಸಿರು ಬಳಿದಿತ್ತು.

ಡಿರ್‌ಕಲರ್ಸ್ ಎಂಬ ಆಜ್ಞೆಗೆ ಹೈಫನ್ ಪಿ ಸೇರಿಸಿ ಹೊಡೆದರೆ ಬಣ್ಣಗಳ ಇಡೀ ಪಟ್ಟಿ ಹೊರಬರುತ್ತದೆ. ಅದನ್ನು ಹೋಮ್ ಫೋಲ್ಡರಿನಲ್ಲಿ ಚುಕ್ಕಿ ಡಿರ್‌ಕಲರ್ಸ್ ಎಂಬ ಹೆಸರಿನ ಫೈಲಿಗೆ ಉಳಿಸಿಕೊಂಡೆ. 'ಅದರ್ ರೈಟಬಲ್' ಎಂಬ ಸಾಲಿನ ಮುಂದೆ 34;42 ಇತ್ತು. 34 ಅಂದರೆ ನೀಲಿ ಅಕ್ಷರ, 42 ಅಂದರೆ ಹಸಿರು ಹಿನ್ನೆಲೆ. ಕಳ್ಳ ಸಿಕ್ಕಿದ ಅಂದುಕೊಂಡು 34 ತೆಗೆದು 30 ಹಾಕಿದೆ, ಕಪ್ಪು ಅಕ್ಷರ ಬರಲಿ ಅಂತ. ಎಲ್‌ಎಸ್ ಹೊಡೆದರೆ ಏನೂ ಬದಲಾಗಿಲ್ಲ! ಫೈಲ್ ಉಳಿಸಿದರೆ ಸಾಲದು, ನಮ್ಮ ಆಜ್ಞೆಗಳನ್ನು ನಡೆಸುವ ಶೆಲ್ ಅದನ್ನು ಮತ್ತೆ ಓದಬೇಕು. ಶೆಲ್ ಶುರುವಾಗುವಾಗ ಓದುವ ಉಬುಂಟುವಿನ ಬ್ಯಾಶ್‌ಆರ್‌ಸಿ ಫೈಲಿನಲ್ಲಿ, ಈ ಬಣ್ಣದ ಫೈಲ್ ಇದ್ದರೆ ಓದು ಎಂಬ ಸಾಲು ಮೊದಲೇ ಇರುತ್ತದೆ. ಅದು ಗೊತ್ತಿಲ್ಲದೆ ನಾನೂ ಒಂದು ಸಾಲು ಸೇರಿಸಿದ್ದೆ, ವ್ಯರ್ಥ ಕೆಲಸ. ಹೊಸ ಟರ್ಮಿನಲ್ ತೆರೆದಿದ್ದರೆ ಮುಗಿಯುತ್ತಿತ್ತು.

ತೆರೆದೆ, ಓದಲೂ ಬಂತು. ಆದರೆ ಆ ಪಟ್ಟಿಯಲ್ಲಿ 30;42 ಆಗಲೇ ಇನ್ನೊಂದಕ್ಕೆ ಮೀಸಲು, ಟೆಂಪ್ ಥರದ ಸ್ಟಿಕಿ ಫೋಲ್ಡರ್‌ಗಳಿಗೆ. ಅಂದರೆ ಎಲ್ಲರೂ ಬರೆಯಬಹುದು, ಆದರೆ ಒಬ್ಬರ ಫೈಲನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರ ಅಳಿಸಲಾಗದು. ಈಗ ಎರಡೂ ಒಂದೇ ಥರ ಕಾಣುತ್ತವೆ, ಗುರುತಿಗೆ ಅರ್ಥವೇ ಇಲ್ಲ ಅಲ್ವಾ? ಕೊನೆಗೆ 30;46 ಕೊಟ್ಟೆ, ತಿಳಿ ಹಸಿರುನೀಲಿ ಹಿನ್ನೆಲೆ.

ಕೈ ಹಾಕಿದ ಮೇಲೆ ಸಾಮಾನ್ಯ ಫೋಲ್ಡರಿನ 01;34 ಅನ್ನೂ ಬಿಡಲಿಲ್ಲ. ಕಪ್ಪು ಪರದೆ ಮೇಲೆ ಆ ನೀಲಿ ನನ್ನ ಕಣ್ಣಿಗೆ ಸಾಲದು. 0ಯಿಂದ 255ರವರೆಗಿನ ಸಂಖ್ಯೆಗಳನ್ನು ಅವುಗಳದೇ ಬಣ್ಣದಲ್ಲಿ ತೋರಿಸುವ ಒಂದು ಸಾಲಿನ ಲೂಪ್ ಬರೆದು ನೋಡಿದೆ. 117 ಹಿಡಿಸಿತು, ಆಕಾಶದಂಥ ತಿಳಿನೀಲಿ. ಆ ಸಾಲಿಗೆ 38;5;117 ಬರೆದೆ. ಇಲ್ಲಿ 38;5 ಅಂದರೆ 256 ಬಣ್ಣಗಳ ಡಬ್ಬಿಯಿಂದ ತೆಗೆ ಎಂದರ್ಥ.

ಇದೇ ಫೈಲನ್ನು ಆಫೀಸಿನ ಮ್ಯಾಕ್‌ಗೆ ಒಯ್ದರೆ ಕೆಲಸವೇ ಮಾಡಲಿಲ್ಲ. ಅಲ್ಲಿನ ಎಲ್‌ಎಸ್‌ಗೆ ಸಂಖ್ಯೆ ಬೇಡ, 22 ಅಕ್ಷರಗಳ ಒಂದು ಸಾಲು ಬೇಕು. ಎರಡೆರಡು ಅಕ್ಷರಕ್ಕೆ ಒಂದು ಬಗೆಯ ಫೈಲ್. ಮೊದಲ ಜೋಡಿ ಫೋಲ್ಡರಿನದು. ಅದರ ನೀಲಿಯ 'ಇ' ತೆಗೆದು ಹಸಿರುನೀಲಿಯ 'ಜಿ' ಹಾಕಿ ಅಲ್ಲಿಗೇ ಬಿಟ್ಟೆ.

ಉಬುಂಟುವಿನ ಪಟ್ಟಿಯಲ್ಲಿ ಒಂದನ್ನು ಮಾತ್ರ ಮುಟ್ಟಿಲ್ಲ. ಸುಡೋ ಥರದ, ರೂಟ್ ಹಕ್ಕಿನಲ್ಲಿ (ಯಂತ್ರದ ಮೇಲೆ ಪೂರ್ತಿ ಅಧಿಕಾರದಲ್ಲಿ) ಓಡುವ ಪ್ರೋಗ್ರಾಂಗಳ 37;41, ಕೆಂಪಿನ ಮೇಲೆ ಬಿಳಿ. ಅದು ಕಣ್ಣಿಗೆ ಚುಚ್ಚಲಿ.